ಮೆಟ್ಟು ಹೊಲಿದುಕೊಟ್ಟವರು



ಈ ದತ್ತಿ ಉಪನ್ಯಾಸಕ್ಕೆ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ ನನ್ನ ಕಣ್ಣಮುಂದೆ ಬಂದದ್ದು ಒಂದು ಜೊತೆ ಮೆಟ್ಟು. ಅದನ್ನು ನೋಡಿದ್ದು ನಾನು ಚಿಕ್ಕವನಿದ್ದಾಗ, ವಿದುರಾಶ್ವತ್ಥದ ತೇರಿನಲ್ಲಿ. ಕುಡುಮಲಕುಂಟೆ ಕಡೆಯಿಂದ ಅಜ್ಜಿಯ ಕೈ ಹಿಡಿದು ಹೋಗುತ್ತಿದ್ದೆವು. ನಾಗರಕಲ್ಲುಗಳ ಸಾಲು ಮುಗಿದ ಮೇಲೆ, ಯಾರ ನೆರಳೂ ತಾಗದಷ್ಟು ದೂರದಲ್ಲಿ ಒಬ್ಬ ಮುದುಕ ಕೂತಿರುತ್ತಿದ್ದ. ಕೈಬೆರಳು ಮೋಟಾಗಿದ್ದವು. ಕಾಲಿಗೆ ಲಾರಿ ಟೈರಿನ ತುಂಡುಗಳನ್ನು ಹರಿದ ಪಂಚೆಯ ಚೂರಿನಿಂದ ಬಿಗಿದುಕೊಂಡಿದ್ದ. ಜನ ಅವನ ತಗಡಿನ ಡಬ್ಬಿಗೆ ಮೇಲಿನಿಂದ ಕಾಸು ಬಿಡುತ್ತಿದ್ದರು. ನನ್ನ ಅಜ್ಜಿಯೂ ಹಾಗೇ ಬಿಡುತ್ತಿದ್ದಳು.

ತೆಲುಗು ಕನ್ನಡ ಎರಡೂ ಬೆರೆತ ನಮ್ಮ ಮಾತಿನಲ್ಲಿ ಆ ಕಾಯಿಲೆಗೆ ಪೆದ್ದರೋಗಂ ಎಂದು ಹೆಸರು. ಕನ್ನಡದಲ್ಲಿ ಮಹಾರೋಗ. ಕುಷ್ಠ ಎಂದು ಬಾಯಿಬಿಟ್ಟು ಹೇಳಲು ಹೆದರಿದ ಜನ ಅದನ್ನು ದೊಡ್ಡದು ಎಂದು ಕರೆದು ಮುಗಿಸುತ್ತಿದ್ದರು.

ಒಂದು ವರ್ಷದ ತೇರಿನಲ್ಲಿ ಆ ಮುದುಕನ ಕಾಲಲ್ಲಿ ಬೇರೆ ಮೆಟ್ಟು ಇತ್ತು. ದಪ್ಪ ಅಟ್ಟೆ, ಅಗಲವಾದ ಕಪ್ಪು ಪಟ್ಟಿ, ಹಿಮ್ಮಡಿಗೂ ಒಂದು ಪಟ್ಟಿ. ಎಲ್ಲಿಂದ ತಂದೆಪ್ಪಾ ಎಂದು ಅಜ್ಜಿ ಕೇಳಿದಳು. ರಾಯವೇಲೂರು ಕಡೆ ಮಿಷನ್ ಆಸ್ಪತ್ರೇಲಿ ಹೊಲಿದುಕೊಟ್ಟರಮ್ಮ, ಕಾಲು ಹಿಡಕೊಂಡು ಅಳತೆ ತಗೊಂಡರು, ಅಂದ. ಕಾಲು ಹಿಡಕೊಂಡು ಎಂಬುದನ್ನು ಎರಡು ಸಲ ಹೇಳಿದ. ಅಜ್ಜಿ ಅವತ್ತು ಕಾಸನ್ನು ಬಗ್ಗಿ ಡಬ್ಬಿಯೊಳಗೆ ಇಟ್ಟಳು.

ಇಂದು ನಾನು ಹೇಳಬೇಕಾದದ್ದೆಲ್ಲ ಆ ಮುದುಕನ ಮಾತಿನಲ್ಲೇ ಇದೆ. ಕುಷ್ಠರೋಗಿಗಳಿಗೆ ಕ್ರೈಸ್ತ ಸೇವಾಸಂಸ್ಥೆಗಳು ಅನ್ನ, ಬಟ್ಟೆ, ಸೂರು ಕೊಟ್ಟವು. ಅನ್ನ ನಮ್ಮ ಛತ್ರಗಳೂ ಕೊಟ್ಟಿವೆ, ಮಠಗಳೂ ಕೊಟ್ಟಿವೆ. ರೋಗಿಯ ಕಾಲನ್ನು ಕೈಯಲ್ಲಿ ಹಿಡಿದು, ಆ ಕಾಲಿಗೆ ಏನಾಗಿದೆ ಎಂದು ವಿದ್ಯೆ ಹಚ್ಚಿ ನೋಡಿ, ಅದಕ್ಕೆ ತಕ್ಕ ಮೆಟ್ಟು ಹೊಲಿದದ್ದು ಅವರು. ಆ ಸೇವೆಯಲ್ಲಿ ಅತಿ ದೊಡ್ಡದು ಇದೇ ಎಂದು ನಾನು ನಂಬಿದ್ದೇನೆ.

ಕಾಯಿಲೆ ಮಾಡುವುದೇನು ಎಂಬುದನ್ನು ಮೊದಲು ನೋಡೋಣ. 1873ರಲ್ಲಿ ನಾರ್ವೆಯ ಬರ್ಗೆನ್ ಊರಿನ ವೈದ್ಯ ಗೆರ್ಹಾರ್ಡ್ ಆರ್ಮೌರ್ ಹ್ಯಾನ್ಸನ್ ಇದರ ರೋಗಾಣುವನ್ನು ಕಂಡುಹಿಡಿದ. ಅಲ್ಲಿಯವರೆಗೆ ಯೂರೋಪಿನ ದೊಡ್ಡ ವೈದ್ಯರೂ ಇದನ್ನು ವಂಶದಿಂದ ಬರುವ ಕಾಯಿಲೆ ಎಂದೇ ತಿಳಿದಿದ್ದರು. ನಮ್ಮಲ್ಲಿ ಅದು ಪೂರ್ವಜನ್ಮದ ಪಾಪ, ನಾಗದೋಷ, ದೇವರ ಶಾಪ. ರೋಗಾಣು ಚರ್ಮದಲ್ಲಿ ಮಚ್ಚೆಯಾಗಿ ಕಾಣಿಸಿಕೊಳ್ಳುತ್ತದೆ. ಹಾಳು ಮಾಡುವುದು ನರವನ್ನು. ಮೊಣಕೈಯ ಒಳಪಕ್ಕದ ನರ ಕೆಟ್ಟರೆ ಕಿರುಬೆರಳು ಉಂಗುರದ ಬೆರಳು ಮಡಚಿಕೊಳ್ಳುತ್ತವೆ. ಮೊಣಕಾಲ ಪಕ್ಕದ ನರ ಕೆಟ್ಟರೆ ಪಾದ ಜೋತುಬೀಳುತ್ತದೆ. ಮುಖದ ನರ ಕೆಟ್ಟರೆ ರೆಪ್ಪೆ ಮುಚ್ಚುವುದಿಲ್ಲ, ಕಣ್ಣು ಒಣಗಿ ಕುರುಡಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ನೋವು ತಿಳಿಯುವುದೇ ನಿಂತುಹೋಗುತ್ತದೆ.

ನೋವು ತಿಳಿಯದಿದ್ದರೆ ಏನಾಗುತ್ತದೆ ಎಂಬುದು ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆ ನೋಡಿದವರಿಗೆ ಬೇಗ ಅರ್ಥವಾದೀತು. ರೇಷ್ಮೆ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಬಿಚ್ಚುವ ಹೆಂಗಸು ಆ ನೀರಿಗೆ ಬೆರಳು ಅದ್ದಿ ಎಳೆಯ ತುದಿ ಹುಡುಕಬೇಕು. ಸುಡುತ್ತಿದ್ದ ಹಾಗೇ ಬೆರಳು ತಾನಾಗಿ ಹಿಂದೆ ಸರಿಯುತ್ತದೆ. ದಿನಕ್ಕೆ ನೂರು ಸಲ ಹಾಗೆ ಸರಿದು ಸರಿದೇ ಅವಳ ಕೈ ಉಳಿದಿರುವುದು. ಜೋಮು ಹಿಡಿದ ಕೈ ಸರಿಯುವುದಿಲ್ಲ. ಸಂಜೆ ಬೊಬ್ಬೆ ಎದ್ದಾಗಷ್ಟೇ ಸುಟ್ಟದ್ದು ಗೊತ್ತಾಗುತ್ತದೆ. ಬೊಬ್ಬೆ ಒಡೆದು ಹುಣ್ಣಾದರೂ ನೋಯುವುದಿಲ್ಲ, ನೋಯದ್ದರಿಂದ ಮರುದಿನವೂ ಅದೇ ಕೈ ಅದೇ ನೀರಿಗೆ ಹೋಗುತ್ತದೆ. ಮುದ್ದೆಯ ಪಾತ್ರೆ ಒಲೆಯಿಂದ ಇಳಿಸುವಾಗಲೂ ಹೀಗೇ. ಮುಸುಕಿನ ಜೋಳದ ಕೂಳೆಯಲ್ಲಿ ಬರಿಗಾಲಲ್ಲಿ ನಡೆಯುವಾಗಲೂ ಹೀಗೇ. ಜಾಲಿಮುಳ್ಳು ಅಂಗಾಲಲ್ಲಿ ಮುರಿದು ಕೂತರೂ ಮನುಷ್ಯ ಎರಡು ಮೈಲಿ ನಡೆದು ಮನೆ ಸೇರುತ್ತಾನೆ. ಹುಣ್ಣು ಕೀವಾಗಿ ಎಲುಬಿಗೆ ಇಳಿಯುತ್ತದೆ. ವರ್ಷಗಳು ಕಳೆದ ಹಾಗೆ ಬೆರಳು ಸವೆದುಹೋಗುತ್ತವೆ.

ಇದು ಇಂದು ಯಾವುದೇ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇರುವ ಮಾಹಿತಿ. 1940ರ ದಶಕದವರೆಗೆ ಇದನ್ನು ವೈದ್ಯರೂ ಸರಿಯಾಗಿ ಅರಿತಿರಲಿಲ್ಲ. ರೋಗವೇ ಮಾಂಸವನ್ನು ತಿಂದು ಬೆರಳು ಉದುರಿಸುತ್ತದೆ ಎಂದೇ ನಂಬಿಕೆ. ಆ ನಂಬಿಕೆಯನ್ನು ಕೆಡವಿದವರು ಪಾಲ್ ಬ್ರ್ಯಾಂಡ್. ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿ ತಂದೆತಾಯಿಗಳಿಗೆ. ಲಂಡನ್ನಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೇಲೂರಿನ, ಅಂದರೆ ಆ ಮುದುಕ ಹೇಳಿದ ರಾಯವೇಲೂರಿನ, ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠಧಾಮವನ್ನು ಆಗ ನೋಡಿಕೊಳ್ಳುತ್ತಿದ್ದವರು ರಾಬರ್ಟ್ ಕಾಕ್ರೇನ್. ಅಲ್ಲಿಗೆ ಹೋದಾಗ ಬ್ರ್ಯಾಂಡ್ ಮಡಚಿಕೊಂಡ ಬೆರಳುಗಳ ಒಬ್ಬ ರೋಗಿಯ ಕೈಗೆ ಕೈ ಕೊಟ್ಟು, ಹಿಂಡು ಎಂದರು. ಆ ಕೈ ಹಿಂಡಿದ ಬಿಗಿಗೆ ಬ್ರ್ಯಾಂಡ್‌ಗೇ ನೋವಾಯಿತು. ಅಂದರೆ ಕೈಯಲ್ಲಿ ಒಳ್ಳೆಯ ಸ್ನಾಯು ಉಳಿದಿದೆ! ಕೆಟ್ಟ ಸ್ನಾಯುವಿನ ಕೆಲಸವನ್ನು ಒಳ್ಳೆಯ ಸ್ನಾಯುವಿಗೆ ಒಪ್ಪಿಸಿದರೆ ಬೆರಳು ಮತ್ತೆ ಬಿಚ್ಚೀತು. ಸ್ನಾಯುರಜ್ಜುವನ್ನು ಜಾಗ ಬದಲಿಸಿ ಹೊಲಿಯುವ ಶಸ್ತ್ರಚಿಕಿತ್ಸೆ ಕುಷ್ಠದ ಕೈಗಳಿಗೆ ಬಂದದ್ದು ಹೀಗೆ. ಮುಟ್ಟದೆ ದೂರ ನಿಂತ ವೈದ್ಯನಿಗೆ ಆ ಬಿಗಿ ಎಂದೂ ತಿಳಿಯುತ್ತಿರಲಿಲ್ಲ.

ಇನ್ನೊಂದು ದಿನ ಬ್ರ್ಯಾಂಡ್ ತುಕ್ಕು ಹಿಡಿದ ಬೀಗದೊಂದಿಗೆ ಹೆಣಗುತ್ತಿದ್ದರು. ಹತ್ತು ವರ್ಷದ ಒಬ್ಬ ಬಡಕಲು ಹುಡುಗ, ರೋಗಿಯೇ, ಬಂದು ಕೀಲಿಯನ್ನು ತಿರುಗಿಸಿಯೇಬಿಟ್ಟ. ದೊಡ್ಡವರಿಗೆ ಆಗದ್ದು ಇವನಿಗೆ ಹೇಗಾಯಿತು ಎಂದು ನೋಡಿದರೆ ನೆಲದಲ್ಲಿ ರಕ್ತ. ಕೀಲಿ ಅವನ ಬೆರಳನ್ನು ಎಲುಬಿನವರೆಗೆ ಕೊಯ್ದಿತ್ತು, ಅವನಿಗೆ ಅದು ಗೊತ್ತೇ ಇರಲಿಲ್ಲ. ರಾತ್ರಿ ಮಲಗಿದ್ದವರ ಬೆರಳು ಬೆಳಗಾಗುವುದರೊಳಗೆ ಚಿಕ್ಕದಾಗುವ ಒಗಟೂ ಒಂದಿತ್ತು. ಕಾವಲು ಕೂತು ನೋಡಿದರು. ಇಲಿಗಳು ಬಂದು ಕಡಿಯುತ್ತಿದ್ದವು, ರೋಗಿಗೆ ಎಚ್ಚರವೇ ಆಗುತ್ತಿರಲಿಲ್ಲ. ಪರಿಹಾರವಾಗಿ ರೋಗಿಗಳಿಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸಿದರು. ಎಷ್ಟೋ ಶತಮಾನ ಶಾಪ ಎಂದುಕೊಂಡದ್ದಕ್ಕೆ ಅರ್ಧ ಉತ್ತರ ಒಂದು ಬೆಕ್ಕಿನಲ್ಲಿ ಇತ್ತು ಎಂಬುದನ್ನು ಓದಿದಾಗ ನನಗೆ ಆದ ಸಂಕಟವನ್ನು ಹೇಗೆ ಹೇಳಲಿ.

ಉಳಿದ ಅರ್ಧ ಮೆಟ್ಟಿನಲ್ಲಿತ್ತು. ಅಂಗಾಲಿನ ಹುಣ್ಣು ರೋಗದಿಂದ ಹುಟ್ಟುವುದಿಲ್ಲ, ಒಂದೇ ಜಾಗದ ಮೇಲೆ ಭಾರ ಬಿದ್ದು ಬಿದ್ದು ಆಗುತ್ತದೆ. ಕಾಲು ಚೆನ್ನಾಗಿರುವವರು ನೋಯುತ್ತಿದ್ದ ಹಾಗೇ ನಡಿಗೆ ಬದಲಿಸುತ್ತೇವೆ, ಭಾರವನ್ನು ಬೇರೆ ಕಡೆ ಹೊರಳಿಸುತ್ತೇವೆ. ಜೋಮು ಹಿಡಿದ ಕಾಲಿಗೆ ಆ ಕೆಲಸವನ್ನು ಮೆಟ್ಟೇ ಮಾಡಬೇಕು. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರು, ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಎಲ್ಲೂ ಮೊಳೆ ಇರಕೂಡದು, ಜೋತುಬೀಳುವ ಪಾದ ಜಾರದಂತೆ ಹಿಮ್ಮಡಿಗೆ ಪಟ್ಟಿ. ಆರೋಗ್ಯ ಇಲಾಖೆಯವರು ಇಂದಿಗೂ ಎಂಸಿಆರ್ ಚಪ್ಪಲಿ ಎಂದು ಕೊಡುವುದು ಇದನ್ನೇ. ಇದು ರೂಪುಗೊಂಡದ್ದು ವೇಲೂರಿನಲ್ಲಿ ಮತ್ತು ಅದರ ಪಕ್ಕದ ಕರಿಗಿರಿಯಲ್ಲಿ 1955ರಲ್ಲಿ ಶುರುವಾದ ಕುಷ್ಠ ಸಂಶೋಧನಾ ಆಸ್ಪತ್ರೆಯಲ್ಲಿ. ಶಸ್ತ್ರವೈದ್ಯರು ಚಮ್ಮಾರಿಕೆ ಬಲ್ಲವರ ಜೊತೆ ಕೂತು, ಕಾಲಿನ ಅಚ್ಚು ತೆಗೆದು, ತಪ್ಪು ಮಾಡಿ, ತಿದ್ದಿ ಕಲಿತರು.

ನಮ್ಮ ನಾಡಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಕಾಲು ಮುಟ್ಟುವುದು, ಚರ್ಮ ಹೊಲಿಯುವುದು ಎರಡನ್ನೂ ನಾವು ಕೀಳು ಮಾಡಿ ಇಟ್ಟವರು. ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಹೊಲಿದ ಕಥೆಯನ್ನು ಎಂಟುನೂರು ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ. ಆ ಕಥೆ ನಮಗೆ ಕಣ್ಣೀರು ತರಿಸಿತು. ಆದರೆ ವಿದುರಾಶ್ವತ್ಥದ ಮುದುಕನ ಕಾಲಿನ ಅಳತೆ ತೆಗೆಯುವಷ್ಟು ದೂರ ನಮ್ಮನ್ನು ನಡೆಸಲಿಲ್ಲ. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ, ನಾನೂ ಇದೇ ಮಣ್ಣಿನವನು.

ಈ ಸೇವೆಯ ಹಿಂದಿನ ಸಂಸ್ಥೆಗಳ ಚರಿತ್ರೆ ಉದ್ದವಾದದ್ದು. ಬೇಕಾದಷ್ಟನ್ನೇ ಹೇಳುತ್ತೇನೆ. ಐರ್ಲೆಂಡಿನ ವೆಲ್ಲೆಸ್ಲಿ ಬೈಲಿ ಎಂಬ ಯುವಕ ಪಂಜಾಬಿನ ಅಂಬಾಲಾದಲ್ಲಿ ಶಾಲಾ ಮಾಸ್ತರಿಕೆಗೆ ಬಂದವನು 1869ರಲ್ಲಿ ಅಲ್ಲಿನ ಕುಷ್ಠರೋಗಿಗಳ ಗುಡಿಸಲುಗಳನ್ನು ಕಂಡ. 1874ರಲ್ಲಿ ಡಬ್ಲಿನ್‌ಗೆ ಹೋಗಿ ಸ್ನೇಹಿತರಿಗೆ ಅದನ್ನು ವಿವರಿಸಿದಾಗ, ವರ್ಷಕ್ಕೆ 30 ಪೌಂಡು ಕೂಡಿಸಿ ಕಳಿಸುತ್ತೇವೆ ಎಂದು ಮೂವರು ಅಕ್ಕತಂಗಿಯರು ಮಾತು ಕೊಟ್ಟರು. ಅಲ್ಲಿಂದ ಹುಟ್ಟಿದ್ದು ಇಂದಿನ ಲೆಪ್ರಸಿ ಮಿಷನ್. ಪುರುಲಿಯಾ, ನೈನಿ, ಚಾಂಪಾ ಮೊದಲಾದ ಕಡೆ ಅದರ ಆಸ್ಪತ್ರೆಗಳು ಇಂದಿಗೂ ನಡೆಯುತ್ತಿವೆ.

ಕನ್ನಡ ನಾಡಿನಲ್ಲಿ ಮೊದಲು ನೆನೆಯಬೇಕಾದವರು ಮಂಗಳೂರಿನ ಫಾದರ್ ಮುಲ್ಲರ್. ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ 1841ರಲ್ಲಿ ಹುಟ್ಟಿದ ಈ ಜೆಸುಯಿಟ್ ಪಾದ್ರಿ 1878ರ ಕೊನೆಯ ದಿನ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ತೊಡಗಿ, ಮುಂದೆ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ಔಷಧ ಮಾರಿ ಬಂದ ಹಣದಿಂದಲೇ ಅವರ ಸೇವೆ ನಡೆಯುತ್ತಿತ್ತು. 1910ರಲ್ಲಿ ಅಲ್ಲೇ ತೀರಿಕೊಂಡರು. ಇಂದು ಅಲ್ಲಿರುವ ದೊಡ್ಡ ವೈದ್ಯಕೀಯ ಕಾಲೇಜಿಗೆ ಅವರದೇ ಹೆಸರು.

ನಮ್ಮ ಸೀಮೆಗೆ ಹತ್ತಿರದ ದಾರಿಗಳು ಬೇರೆ. ಹಳೇ ಕೋಲಾರ ಜಿಲ್ಲೆಯ ಜನ ದೊಡ್ಡ ಕಾಯಿಲೆ ಬಂದರೆ ಚಿಕ್ಕಬಳ್ಳಾಪುರಕ್ಕೆ, ಲಂಡನ್ ಮಿಷನ್ ಕಟ್ಟಿದ ಆಸ್ಪತ್ರೆಗೆ ಹೋಗುತ್ತಿದ್ದರು. ಕೋಲಾರದಲ್ಲಿ ಮೆಥಡಿಸ್ಟರ ಆಸ್ಪತ್ರೆ ಇತ್ತು. ಅದಕ್ಕೂ ಮೀರಿದರೆ ರಾಯವೇಲೂರು. ಮುಳಬಾಗಿಲು ದಾಟಿದರೆ ಸಿಗುವ ಪಲಮನೇರಿನಲ್ಲಿ ಸ್ವಿಟ್ಜರ್ಲೆಂಡಿನ ಎಮ್ಮಾವುಸ್ ಸಂಸ್ಥೆಯ ಕುಷ್ಠ ಚಿಕಿತ್ಸಾ ಕೇಂದ್ರ ನಡೆಯಿತು. ತಮಿಳುನಾಡಿನ ಪೊಲಂಬಾಕ್ಕಂನಲ್ಲಿ ಬೆಲ್ಜಿಯಂನ ಡಾ. ಫ್ರಾನ್ಸ್ ಹೆಮೆರಿಕ್ಸ್ 1955ರಲ್ಲಿ ಶುರು ಮಾಡಿದ ಪದ್ಧತಿ ನನಗೆ ವಿಶೇಷವಾಗಿ ಇಷ್ಟ. ರೋಗಿಯನ್ನು ಆಸ್ಪತ್ರೆಗೆ ಕರೆಯುವ ಬದಲು ವೈದ್ಯರೇ ಊರೂರಿಗೆ ಹೋಗಿ ಮರದ ಕೆಳಗೆ ಕೂತರು. ಗೊತ್ತಾದ ದಿನ, ಗೊತ್ತಾದ ಮರ. ಕುಷ್ಠದ ಔಷಧವಾದ ಡ್ಯಾಪ್ಸೋನ್ ಮಾತ್ರೆ ತೆಗೆದುಕೊಂಡು ರೋಗಿ ತನ್ನ ಹೊಲಕ್ಕೆ ವಾಪಸು. ಮನೆ ಬಿಡಬೇಕಾಗಿಲ್ಲ, ಮಕ್ಕಳನ್ನು ಬಿಡಬೇಕಾಗಿಲ್ಲ.

ಮನೆ ಬಿಡಿಸುವ ಮಾತು ಬಂದದ್ದರಿಂದ ಈ ಸೇವೆಯ ಇನ್ನೊಂದು ಮುಖವನ್ನೂ ಮುಚ್ಚಿಡದೆ ಹೇಳಬೇಕು. ಹಳೆಯ ಮಿಷನ್ ಕುಷ್ಠಾಶ್ರಮಗಳಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಇಡುತ್ತಿದ್ದರು. ರೋಗಿಗಳ ಮಕ್ಕಳನ್ನು ತಾಯಿಯ ಮಡಿಲಿನಿಂದ ತೆಗೆದು ಬೇರೆ ಮನೆಗಳಲ್ಲಿ ಬೆಳೆಸಿದರು. ರೋಗ ತಗುಲದಿರಲಿ ಎಂಬುದು ಅವರ ಕಾಳಜಿ, ಆದರೂ ಆ ತಾಯಂದಿರ ಮಟ್ಟಿಗೆ ಅದು ಎರಡನೆಯ ಬಹಿಷ್ಕಾರ. 1898ರ ಬ್ರಿಟಿಷ್ ಕಾಯಿದೆ ದಿಕ್ಕಿಲ್ಲದ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅಧಿಕಾರ ಕೊಟ್ಟಾಗ ಅಂಥ ಆಶ್ರಮಗಳೇ ಕೂಡಿಹಾಕುವ ಜಾಗಗಳಾದವು. ಮತಪ್ರಚಾರದ ಉದ್ದೇಶವೂ ಅನೇಕರಿಗೆ ಇತ್ತು, ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಇದೆಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು, ಇನ್ನೊಂದರಲ್ಲಿ ಆ ಕಾಲದಲ್ಲಿ ಬೇರೆ ಯಾರು ಮುಟ್ಟಿದರು ಎಂಬ ಪ್ರಶ್ನೆಯನ್ನಿಟ್ಟು ತೂಗಿದ್ದೇನೆ. ನನ್ನ ತೀರ್ಪು ಮುಟ್ಟಿದವರ ಕಡೆಗೇ ಇದೆ. ಮುಂದೆ ಗಾಂಧೀಜಿ ಸೇವಾಗ್ರಾಮದಲ್ಲಿ ಕುಷ್ಠ ಬಾಧಿತ ಪರಚುರೆ ಶಾಸ್ತ್ರಿಗಳ ಹುಣ್ಣನ್ನು ತಾವೇ ತೊಳೆದರು, ಬಾಬಾ ಆಮ್ಟೆ ಕುಷ್ಠ ಬಾಧಿತರಿಗಾಗಿ ಆನಂದವನ ಕಟ್ಟಿದರು. ಇವರಿಬ್ಬರನ್ನೂ ನೆನೆಯುವಾಗ ಮೊದಲು ದಾರಿ ಸವೆಸಿದವರನ್ನು ಮರೆಯುವುದು ಸರಿಯಲ್ಲ.

ವೇಲೂರಿನ ಕಥೆ ಇನ್ನೂ ಮುಗಿದಿಲ್ಲ. ಕೈ ಸರಿಹೋದ ಕೆಲವರು ಬ್ರ್ಯಾಂಡ್ ಹತ್ತಿರ ವಾಪಸು ಬಂದರು, ಮುಖ ಬಾಡಿತ್ತು. ಈ ಕೈ ಭಿಕ್ಷೆಗೆ ಒದಗುವುದಿಲ್ಲ ಎಂದರು. ಮೊದಲು ಮೋಟು ಕೈ ನೋಡಿ ಜನ ಕಾಸು ಹಾಕುತ್ತಿದ್ದರು, ಈಗ ಅದೂ ಇಲ್ಲ. ಹಳೇ ಕಾಯಿಲೆಯ ಗುರುತು ಮುಖದ ಮೇಲೆ ಇರುವುದರಿಂದ ಕೂಲಿಯನ್ನೂ ಯಾರೂ ಕೊಡರು. ಆಗ ಅವರಿಗೆ ಬಡಗಿ ಕೆಲಸ, ಗೊಂಬೆ ಮಾಡುವ ಕೆಲಸ ಕಲಿಸಲು ಕಾಲೇಜಿನ ಜಾಗದಲ್ಲೇ 1951ರಲ್ಲಿ ಒಂದು ಪುಟ್ಟ ಹಳ್ಳಿ ಎದ್ದಿತು. ಬಿಸಿಯಾಗದ ಹಿಡಿ, ಬೆರಳಿಗೆ ಒತ್ತದ ಉಪಕರಣ, ಎಲ್ಲವನ್ನೂ ಆ ಕೈಗಳಿಗಾಗಿಯೇ ಯೋಚಿಸಿ ಮಾಡಿದರು.

ಕರ್ನಾಟಕದಲ್ಲಿ ಈ ಕೆಲಸ ನಡೆದ ಜಾಗದ ಹೆಸರು ನಿಮಗೆಲ್ಲ ಗೊತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸು ಹತ್ತಿದವರು ಸುಮನಹಳ್ಳಿ ಎಂಬ ಸ್ಟಾಪು ದಾಟಿರುತ್ತೀರಿ. ಅದು ಹಳೆಯ ಊರೊಂದರ ಹೆಸರು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ರಾಜ್ಯದಲ್ಲಿ ಭಿಕ್ಷಾಟನೆ ನಿಷೇಧ ಕಾಯಿದೆ ಬಂದದ್ದು 1975ರಲ್ಲಿ. ಬೀದಿಯಲ್ಲಿ ಬೇಡುತ್ತಿದ್ದವರಲ್ಲಿ ಕುಷ್ಠ ಬಾಧಿತರು ಬಹಳ. ಅವರಿಗೆ ಮುಂದೇನು ಎಂಬ ಪ್ರಶ್ನೆ ಎದ್ದಾಗ ದೇವರಾಜ ಅರಸರ ಸರ್ಕಾರ ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯವನ್ನು ಕೇಳಿಕೊಂಡಿತು, ಮಾಗಡಿ ರಸ್ತೆಯಲ್ಲಿ ಜಮೀನು ಕೊಟ್ಟಿತು. 1970ರ ದಶಕದ ಕೊನೆಯಲ್ಲಿ ಅಲ್ಲಿ ಸುಮನಹಳ್ಳಿ ಶುರುವಾಯಿತು. ಕ್ಲಾರೆಷಿಯನ್ ಪಾದ್ರಿಗಳು ನಡೆಸುವ ಆ ಕೇಂದ್ರದಲ್ಲಿ ಚರ್ಮದ ಸಾಮಾನು, ಬಟ್ಟೆ, ಮೇಣದಬತ್ತಿ ತಯಾರಿಕೆ ಕಲಿಸಿದರು, ಜೋಮುಗಾಲಿಗೆ ಬೇಕಾದ ಮೆಟ್ಟನ್ನೂ ಹೊಲಿದರು. ನಗರ ಬೆಳೆದು ಆ ಆವರಣವನ್ನು ಸುತ್ತುವರಿಯಿತು. ಹೆಸರು ಮೇಲ್ಸೇತುವೆಗೆ ಹೋಯಿತು, ಹೆಸರಿನ ಕಾರಣ ಮರೆತುಹೋಯಿತು.

ಈಗ ಇಂದಿನ ಮಾತು. 1980ರ ದಶಕದಲ್ಲಿ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಜಿಮಿನ್ ಸೇರಿದ ಬಹುಔಷಧ ಚಿಕಿತ್ಸೆ ಬಂದಮೇಲೆ ಈ ರೋಗ ಪೂರ್ತಿ ವಾಸಿಯಾಗುವಂಥದ್ದಾಯಿತು. ಮಚ್ಚೆ ಕಡಿಮೆ ಇದ್ದವರಿಗೆ 6 ತಿಂಗಳು, ಹೆಚ್ಚಿದ್ದವರಿಗೆ 12 ತಿಂಗಳು, ಅಷ್ಟೇ. ಔಷಧ ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತದೆ. ಈ ರೋಗಾಣುವನ್ನು ತಡೆಯುವ ಶಕ್ತಿ ನಮ್ಮಲ್ಲಿ ಬಹುತೇಕರ ಮೈಗೆ ಹುಟ್ಟಿನಿಂದಲೇ ಇದೆ. 2005ರ ಡಿಸೆಂಬರಿನಲ್ಲಿ ದೇಶದ ಲೆಕ್ಕ 10,000 ಜನಕ್ಕೆ ಒಬ್ಬರಿಗಿಂತ ಕೆಳಗೆ ಇಳಿದು, ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿರ್ಮೂಲವಾಯಿತು ಎಂದು ಘೋಷಣೆಯಾಯಿತು. ಆ ಘೋಷಣೆ ಒಂದು ತೊಂದರೆಯನ್ನೂ ತಂದಿತು. ಹೋಗಿಬಿಟ್ಟಿತು ಎಂದು ಜನ ತಿಳಿದರು, ಹೊರದೇಶದ ದಾನಿಗಳೂ ಕೈ ಹಿಂದೆ ತೆಗೆದರು. ನಿಜವಾಗಿ ಇಂದಿಗೂ ಭಾರತದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರು. ಕುಷ್ಠವನ್ನು ವಿಚ್ಛೇದನದ ಕಾರಣವಾಗಿ ಇಟ್ಟುಕೊಂಡಿದ್ದ ಕಾನೂನುಗಳು ತಿದ್ದುಪಡಿಯಾದದ್ದು 2019ರಲ್ಲಿ. ಔಷಧ ಬಂದು ಮೂರೂವರೆ ದಶಕ ಕಳೆದ ಮೇಲೆ!

ಕುಡುಮಲಕುಂಟೆ ಈಗ ನಾನು ಬಾಲ್ಯದಲ್ಲಿ ಕಂಡ ಊರಲ್ಲ. ಕೈಗಾರಿಕಾ ಪ್ರದೇಶವಾಗಿದೆ, ನಾಲ್ಕು ದಿಕ್ಕಿನಿಂದ ಜನ ದುಡಿಯಲು ಬರುತ್ತಾರೆ. ನಮ್ಮ ಹುಡುಗರೂ ಹುಡುಗಿಯರೂ ಹೊಲ ಬಿಟ್ಟು ಅಲ್ಲಿಗೆ ಹೋಗುತ್ತಾರೆ. ಯಂತ್ರದ ಮುಂದೆ, ಬಿಸಿ ಲೋಹದ ಮುಂದೆ, ಚೂಪು ಅಂಚಿನ ತಗಡಿನ ಮುಂದೆ ನಿಲ್ಲುವ ಕೈಗೆ ನೋವು ತಿಳಿಯುವುದು ಎಷ್ಟು ಮುಖ್ಯ ಎಂಬುದನ್ನು ಬಿಚ್ಚಾಣಿಕೆಯ ಉದಾಹರಣೆಯಲ್ಲೇ ಹೇಳಿದ್ದೇನೆ. ಅದಕ್ಕಾಗಿ ನನ್ನ ಬೇಡಿಕೆಗಳನ್ನು ಈ ಊರಿನಲ್ಲೇ ಇಡುತ್ತೇನೆ.

ಮೈಮೇಲೆ ತಿಳಿಬಿಳುಪು ಅಥವಾ ತಾಮ್ರ ಬಣ್ಣದ ಮಚ್ಚೆ ಕಂಡು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಬಿಸಿ ತಣ್ಣಗೆ ತಿಳಿಯದಿದ್ದರೆ, ನಾಚಿಕೊಂಡು ಅಂಗಿಯ ಕೆಳಗೆ ಮುಚ್ಚಿಡಬೇಡಿ. ತೊನ್ನು ಬೇರೆ, ಇದು ಬೇರೆ. ತೊನ್ನಿನ ಮಚ್ಚೆಯಲ್ಲಿ ಸ್ಪರ್ಶ ಇರುತ್ತದೆ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಹೇಳಿ. ಮಾತ್ರೆಯ ಪಟ್ಟಿಗೆ ಒಂದು ಪೈಸೆ ಖರ್ಚಿಲ್ಲ. ಕಾರ್ಖಾನೆ ನಡೆಸುವವರಲ್ಲಿ ನನ್ನ ಮನವಿ: ವರ್ಷಕ್ಕೊಮ್ಮೆಯಾದರೂ ನಿಮ್ಮ ಕೆಲಸಗಾರರ ಚರ್ಮವನ್ನೂ ಕೈಕಾಲುಗಳನ್ನೂ ತಪಾಸಣೆ ಮಾಡಿಸಿ. ಗುತ್ತಿಗೆಯವರನ್ನೂ ಬಿಡಬೇಡಿ. ಯಾರಿಗಾದರೂ ರೋಗ ಕಂಡರೆ ಕೆಲಸದಿಂದ ತೆಗೆಯಬೇಡಿ. ಔಷಧ ತೆಗೆದುಕೊಳ್ಳುತ್ತಿರುವವರಿಂದ ಪಕ್ಕದಲ್ಲಿ ನಿಂತು ದುಡಿಯುವವರಿಗೆ ಅಪಾಯವಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇದ್ದರೆ ಯಾರೂ ಮಚ್ಚೆ ತೋರಿಸುವುದಿಲ್ಲ, ತೋರಿಸದ ಪ್ರತಿ ತಿಂಗಳೂ ಒಂದು ನರ ಸಾಯುತ್ತಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕುಷ್ಠದಿಂದ ಗುಣಮುಖರಾದವರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿ, ಸರ್ಕಾರಿ ಕೆಲಸದ ಮೀಸಲಾತಿಯಲ್ಲಿ ಪಾಲು ಕೊಟ್ಟಿದೆ. ನಿಮ್ಮ ಗೇಟಿನೊಳಗೂ ಅವರಿಗೆ ಒಂದು ಜಾಗ ಇರಲಿ.

ಈ ದತ್ತಿಯನ್ನು ನೋಡಿಕೊಳ್ಳುವವರಲ್ಲಿ ಕಡೆಯ ಒಂದು ಮಾತು. ಉಪನ್ಯಾಸಕನಿಗೆಂದು ನೀವು ಇಟ್ಟಿರುವ ಸಂಭಾವನೆಯನ್ನು ನಾನು ಮನೆಗೆ ಒಯ್ಯುವುದಿಲ್ಲ. ಅದರಲ್ಲಿ ಎಷ್ಟು ಜೊತೆ ಎಂಸಿಆರ್ ಚಪ್ಪಲಿ ಬರುತ್ತದೋ ಅಷ್ಟನ್ನು ಮಾಡಿಸಿ, ಈ ತಾಲ್ಲೂಕಿನಲ್ಲಿ ಬೇಕಾದವರ ಕಾಲಿನ ಅಳತೆ ತೆಗೆಸಿ, ಕೊಡಿ. ಅಳತೆ ತೆಗೆಯುವ ದಿನ ನನಗೂ ಹೇಳಿಕಳಿಸಿ, ಬರುತ್ತೇನೆ.